ಎಸ್‌.ಎಸ್‌.ಪಿ. (ಕಾಲೇಜಿನ ಹೆಚ್ಚುವರಿ ತರಗತಿ) ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ, ಹೋಗಬೇಕೇ ಬೇಡವೇ?

ಮುಳ್ಳೇರಿಯದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ನಾನು ಬಿ.ಎಸ್ಸಿ. ಕೆಮಿಸ್ಟ್ರಿ, ಮೊದಲ ಸೆಮಿಸ್ಟರ್. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮ. ಪ್ಲಸ್‌ ಟು ಹೆಸರಿಗೆ ಇಂಗ್ಲಿಷ್‌ ಆದರೂ ನಮ್ಮ ಶಾಲೆಯ ಟೀಚರುಗಳು ಅರ್ಥ ಬಿಡಿಸಿ ಹೇಳುತ್ತಿದ್ದದ್ದು ಕನ್ನಡದಲ್ಲೇ. ಮನೆಯಲ್ಲಿ ತುಳು. ಮಲಯಾಳ ಬಾರದವಳೇನೂ ಅಲ್ಲ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಮೀನಿನವನ ಹತ್ತಿರ ಚೌಕಾಸಿ ಮಾಡುವಷ್ಟು ಧಾರಾಳ ಬರುತ್ತದೆ. ಆದರೆ ಮೀನಿನವನು ಕೆಮಿಸ್ಟ್ರಿ ಹೇಳಿಕೊಡುವುದಿಲ್ಲ.

ನನ್ನ ಅವಸ್ಥೆ ಹೇಗಿದೆ ಎಂದರೆ, ಮೊದಲ ವಾರ ಸರ್‌ ತರಗತಿಯಲ್ಲಿ ‘ದ್ರಾವಕಂ, ದ್ರಾವಕಂ’ ಎನ್ನುತ್ತಿದ್ದರು. ನಮ್ಮ ಹೈಸ್ಕೂಲು ಪುಸ್ತಕದಲ್ಲಿ ದ್ರಾವಕ ಎಂದರೆ ಸಾಲ್ವೆಂಟ್‌, ಇನ್ನೊಂದನ್ನು ಕರಗಿಸಿಕೊಳ್ಳುವಂಥದ್ದು. ಹಾಗೆಯೇ ಬರೆದುಕೊಳ್ಳುತ್ತಾ ಹೋದೆ. ಹದಿನೈದು ದಿನ ಕಳೆದ ಮೇಲೆ ಗೊತ್ತಾಯಿತು, ಮಲಯಾಳದಲ್ಲಿ ದ್ರಾವಕಂ ಎಂದರೆ ಬರೀ ಲಿಕ್ವಿಡ್‌, ನಮ್ಮ ದ್ರವ! ಸಾಲ್ವೆಂಟಿಗೆ ಅವರು ‘ಲಾಯಕಂ’ ಎನ್ನುತ್ತಾರೆ, ದ್ರಾವಣಕ್ಕೆ ‘ಲಾಯನಿ’. ಅದನ್ನು ಕೇಳಿದಾಗಲೆಲ್ಲ ನನಗೆ ಕುದುರೆಲಾಯದ ನೆನಪು. ಪೂರ್ತಿ ಅರ್ಥವಾಗದ ಭಾಷೆಯಾಗಿದ್ದರೆ ಹುಷಾರಾಗಿರುತ್ತಿದ್ದೆ. ಇದು ಅರ್ಥವಾದಂತೆ ಅನ್ನಿಸಿಯೇ ಕೈಕೊಟ್ಟಿತು. ಮೊದಲ ಇಂಟರ್ನಲ್‌ ಪರೀಕ್ಷೆಯಲ್ಲಿ 20ಕ್ಕೆ 5 ಬಂತು.

ಮೊನ್ನೆ ನೋಟಿಸ್‌ ಬೋರ್ಡಿನಲ್ಲಿ ಸ್ಕಾಲರ್‌ ಸಪೋರ್ಟ್‌ ಪ್ರೋಗ್ರಾಂ (ಎಸ್‌.ಎಸ್‌.ಪಿ.), ಅಂದರೆ ಓದಿನಲ್ಲಿ ಹಿಂದೆ ಬಿದ್ದವರಿಗೆ ಹೆಚ್ಚುವರಿ ತರಗತಿ, ಎಂದು ಒಂದು ಪಟ್ಟಿ ಹಾಕಿದ್ದಾರೆ. ಅದರಲ್ಲಿ ನನ್ನ ಹೆಸರು ನಾಲ್ಕನೆಯದು. ಅದನ್ನು ಎಲ್ಲರೂ ‘ಮಂದಬುದ್ಧಿಯವರ ಪಟ್ಟಿ’ ಎನ್ನುತ್ತಾರೆ. ತರಗತಿ ಸಂಜೆ 3.45ರಿಂದ 4.45. ಮುಳ್ಳೇರಿಯದಲ್ಲಿ ಇಳಿದು ನಮ್ಮ ಒಳಗಿನ ಊರಿಗೆ ಹೋಗುವ ಕೊನೆಯ ಬಸ್ಸು 5.10ಕ್ಕೆ, ಅದು ತಪ್ಪಿದರೆ ಆಟೋಕ್ಕೆ 180 ರೂಪಾಯಿ. ಅಪ್ಪನಿಗೆ ಹೇಳಿದರೆ ಕೊಡುತ್ತಾರೆ, ಅದಕ್ಕೇ ಹೇಳುವುದಿಲ್ಲ.

ಇನ್ನೊಂದು ವಿಷಯ. ಮಧ್ಯಾಹ್ನ ಎಲ್ಲರೂ ಗುಂಪಾಗಿ ಕುಳಿತು ಊಟ ಮಾಡುತ್ತಾರೆ. ನಾನು ಲ್ಯಾಬಿನ ಹಿಂದಿನ ಮೆಟ್ಟಿಲಲ್ಲಿ ಬುತ್ತಿ ಬಿಚ್ಚುತ್ತೇನೆ. ಯಾರೂ ಬರಬೇಡ ಎಂದಿಲ್ಲ. ಅವರು ತಮಾಷೆ ಮಾಡಿ ನಕ್ಕು ಮುಗಿಸಿದ ಮೇಲೆ ನನಗೆ ಅದರ ಅರ್ಥ ಹೊಳೆಯುತ್ತದೆ, ಒಬ್ಬಳೇ ತಡವಾಗಿ ನಗುವುದಕ್ಕಿಂತ ಮೆಟ್ಟಿಲೇ ವಾಸಿ. ಕನ್ನಡ ಭಾಷೆಯ ತರಗತಿಯಲ್ಲಿ ಮಾತ್ರ ನಾನು ನಾನಾಗಿರುತ್ತೇನೆ.

ಈ ಎಸ್‌.ಎಸ್‌.ಪಿ.ಗೆ ಹೋದರೆ ಪ್ರಯೋಜನ ಇದೆಯೇ? ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕಾಲೇಜಿನ ಹೆಸರು ಕೇಳಬೇಡಿ.

ಗಡಿ ದಾಟಿದವ:

ಸುಮ್ಮನೆ ಮಂಗಳೂರಿಗೆ ಬಂದುಬಿಡಿ. ನಾನು ತಲಪಾಡಿ ದಾಟಿ ಬಂದೇ ಬಚಾವಾದದ್ದು. ಅಲ್ಲಿ ಕನ್ನಡದವರಿಗೆ ಭವಿಷ್ಯ ಇಲ್ಲ.

ಮುಳ್ಳೇರಿಯದವಳು:

ಅಣ್ಣ, ಮಂಗಳೂರಿನ ಕಾಲೇಜಿನ ಫೀಸು, ಹಾಸ್ಟೆಲು ಎರಡನ್ನೂ ವಿಚಾರಿಸಿಯೇ ಇಲ್ಲಿ ಸೇರಿದ್ದು. ಈ ವರ್ಷ ಅಡಿಕೆಗೆ ಕೊಳೆರೋಗ ಬೇರೆ.

ಝೆರಾಕ್ಸ್‌ ಅಂಗಡಿ:

ತಂಗಿ, ನಾನು ಮೇಷ್ಟ್ರೂ ಅಲ್ಲ, ಡಿಗ್ರಿ ಮುಗಿಸಿದವನೂ ಅಲ್ಲ. ಇದೇ ಜಿಲ್ಲೆಯ ಒಂದು ಕಾಲೇಜಿನ ಗೇಟಿನ ಎದುರು ಹದಿನಾರು ವರ್ಷದಿಂದ ಝೆರಾಕ್ಸ್‌ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಅದೇ ಗೇಟಿನ ಒಳಗೆ ಎರಡು ವರ್ಷ ಬಿ.ಕಾಂ. ಓದಿ, ಮೂರನೆಯ ವರ್ಷಕ್ಕೆ ಹೋಗದೆ ಹೊರಗೆ ಬಂದೆ. ಕಾರಣ ಈಗ ನೀವು ಬರೆದದ್ದೇ. ನಮ್ಮ ಕಾಲದಲ್ಲಿ ಇಂಥ ಪಟ್ಟಿ ಇರಲಿಲ್ಲ. ಇದ್ದಿದ್ದರೂ ನಾನು ಹೋಗುತ್ತಿರಲಿಲ್ಲ, ಅಷ್ಟು ಜಂಬ ಇತ್ತು. ಈಗ ಜಂಬ ಇಲ್ಲ, ಮೆಷಿನ್ನಿನ ಸಾಲ ಇದೆ.

ಮೆಷಿನ್ನಿನ ಹಿಂದೆ ನಿಂತವನಿಗೆ ಕೆಲವು ಸಂಗತಿ ತಾನಾಗಿಯೇ ಗೊತ್ತಾಗುತ್ತದೆ. ಕಾಲೇಜಿನಿಂದ ಎರಡು ಪಟ್ಟಿ ನನ್ನ ಅಂಗಡಿಗೆ ಬರುತ್ತವೆ. ಒಂದು ‘ವಾಕ್‌ ವಿತ್‌ ಎ ಸ್ಕಾಲರ್‌’, ಚುರುಕು ಮಕ್ಕಳದು, ಅವರಿಗೆ ಮಾರ್ಗದರ್ಶನಕ್ಕೆ ಮೆಂಟರುಗಳನ್ನು ಗೊತ್ತು ಮಾಡುತ್ತಾರೆ. ಇನ್ನೊಂದು ನಿಮ್ಮ ಎಸ್‌.ಎಸ್‌.ಪಿ. ಎರಡೂ ಕೇರಳದ ಉನ್ನತ ಶಿಕ್ಷಣ ಇಲಾಖೆಯವೇ, ಎರಡಕ್ಕೂ ಸರಕಾರದ ದುಡ್ಡೇ. ಮೊದಲಿನ ಪಟ್ಟಿ ಬಂದ ದಿನ ಮಕ್ಕಳು ಅಪ್ಪ ಅಮ್ಮನಿಗೆ ತೋರಿಸಲು ಪ್ರತಿ ಮಾಡಿಸಿಕೊಂಡು ಹೋಗುತ್ತಾರೆ. ಎರಡನೆಯದರ ಪ್ರತಿ ಕೇಳಿ ಬಂದವನು ಹದಿನಾರು ವರ್ಷದಲ್ಲಿ ಒಬ್ಬನೇ. ಅವನು ಪಟ್ಟಿಯನ್ನು ಬೋರ್ಡಿನಿಂದ ಕಿತ್ತು ತಂದಿದ್ದ. “ಅಣ್ಣ, ಈ ಹನ್ನೊಂದನೆಯ ಹೆಸರಿನ ಮೇಲೆ ಒಂದು ಕಾಗದದ ಚೂರು ಇಟ್ಟು ಇನ್ನೊಂದು ಪ್ರತಿ ತೆಗೆದುಕೊಡುತ್ತೀರಾ?” ಎಂದ. ತೆಗೆದುಕೊಟ್ಟೆ, ಸುಳ್ಳು ಹೇಳುವುದಿಲ್ಲ. ಹತ್ತರ ನಂತರ ಹನ್ನೆರಡು, ನಡುವೆ ಖಾಲಿ. ಸಂಜೆಯೊಳಗೆ ಇಡೀ ಕಾಲೇಜಿಗೆ ಆ ಖಾಲಿ ಜಾಗದ ಹೆಸರು ಬಾಯಿಪಾಠವಾಗಿತ್ತು.

ಎರಡನೆಯ ಸಂಗತಿ. ಪರೀಕ್ಷೆಯ ಹಿಂದಿನ ದಿನ ಬಂದು ಗೆಳತಿಯ ನೋಟ್‌ಬುಕ್ಕನ್ನು ರಟ್ಟಿನಿಂದ ರಟ್ಟಿಗೆ, ತೊಂಬತ್ತು ಪುಟ, ಒಂದೇ ಉಸಿರಿಗೆ ಪ್ರತಿ ಮಾಡಿಸಿ ಹೋಗುವವರಿದ್ದಾರೆ. ನನಗೆ ಲಾಭ ಅವರಿಂದಲೇ. ಅವರೇ ಮುಂದಿನ ವರ್ಷ ಸಪ್ಲಿಮೆಂಟರಿ ಪರೀಕ್ಷೆಯ ಅರ್ಜಿ ಪ್ರಿಂಟ್‌ ಮಾಡಿಸಲು ಬರುತ್ತಾರೆ, ಅದರಿಂದಲೂ ಲಾಭ ನನಗೇ. ವಾರಕ್ಕೊಮ್ಮೆ ಇಬ್ಬರು ಮೂವರು ಸೇರಿ ಬಂದು, “ಈ ಪುಟದ್ದು ಮೂರು, ಇದು ಬೇಡ, ಇದು ಒಂದು” ಎಂದು ಜಗಳವಾಡುತ್ತಾ ಏಳೆಂಟು ರೂಪಾಯಿಯ ವ್ಯಾಪಾರ ಮಾಡುವವರು ಮಾತ್ರ ಸಪ್ಲಿಮೆಂಟರಿ ಅರ್ಜಿಗೆ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಯಾವ ಪುಟ ಬೇಕು, ಯಾವುದು ಬೇಡ ಎಂದು ಜಗಳವಾಡಬೇಕಾದರೆ ಓದಿರಬೇಕಲ್ಲ.

ಈ ಎಸ್‌.ಎಸ್‌.ಪಿ. ತರಗತಿಯಲ್ಲಿ ಪಾಠ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಆದರೆ ಅಲ್ಲಿಗೆ ಹೋಗುವ ಮಕ್ಕಳು ಹೀಗೆ ಜೊತೆಯಾಗಿ ಅಂಗಡಿಗೆ ಬರತೊಡಗುತ್ತಾರೆ, ಅದನ್ನು ಕಣ್ಣಾರೆ ನೋಡಿದ್ದೇನೆ. ಮೆಟ್ಟಿಲಲ್ಲಿ ಒಬ್ಬರೇ ಕೂರುವವರು ಪಟ್ಟಿಯಲ್ಲಿ ನೀವೊಬ್ಬರೇ ಎಂದುಕೊಂಡಿದ್ದೀರಾ? ಉಳಿದವರ ಮೆಟ್ಟಿಲು ಬೇರೆ ಕಡೆ ಇರುತ್ತದೆ, ಅಷ್ಟೇ.

ಬಸ್ಸಿನ ವಿಷಯ ಮಾತ್ರ ದೊಡ್ಡದೇ. ಬಸ್ಸಿನ ಮುಂದೆ ಯಾವ ಯೋಜನೆಯೂ ನಿಲ್ಲುವುದಿಲ್ಲ. ಅದನ್ನು ಕಾಲೇಜಿನ ಒಳಗಿನವರೇ ಹೇಳಲಿ.

ಕೆಮಿಸ್ಟ್ರಿಯಲ್ಲದ ಮೇಷ್ಟ್ರು:

ಒಳಗಿನವನು ನಾನು. ಈ ಜಿಲ್ಲೆಯ ಸರಕಾರಿ ಕಾಲೇಜೊಂದರಲ್ಲಿ ಕೆಲಸ, ಎರಡು ವರ್ಷ ಇದೇ ಎಸ್‌.ಎಸ್‌.ಪಿ.ಯ ಸಂಚಾಲಕನಾಗಿದ್ದೆ. ಝೆರಾಕ್ಸ್‌ ಅಣ್ಣನ ಖಾಲಿ ಜಾಗದ ಕಥೆ ಓದಿ ನಕ್ಕೆ. ಆಮೇಲೆ, ನಾನು ಹಾಕಿಸಿದ ಪಟ್ಟಿಗಳ ನೆನಪಾಗಿ ನಗು ನಿಂತಿತು. ಪಟ್ಟಿಯನ್ನು ಬೋರ್ಡಿಗೆ ಹಚ್ಚುವ ಬದಲು ಒಬ್ಬೊಬ್ಬರನ್ನೇ ಕರೆದು ಹೇಳಬಹುದಿತ್ತು. ಹೊಳೆಯಲಿಲ್ಲ.

ಸಮಯದ ಬಗ್ಗೆ. ಈ ತರಗತಿಗಳನ್ನು ನಿತ್ಯದ ಪೀರಿಯಡ್ಡುಗಳ ಹೊರಗೆ ನಡೆಸಬೇಕು ನಿಜ, ಆದರೆ ಸಂಜೆಯೇ ಆಗಬೇಕೆಂದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ನಡೆಸಿದ್ದೇವೆ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ನಡೆಸಿದ್ದೇವೆ, ಶನಿವಾರವೂ ಆಗಿದೆ. ಸಂಜೆ ಎಂದು ಬರೆಯುವುದು ಸಾಮಾನ್ಯವಾಗಿ ಮೇಷ್ಟ್ರ ಬಸ್ಸಿನ ಸಮಯ ನೋಡಿ. ಕಹಿಯಾದರೂ ಸತ್ಯ. ನಾಲ್ಕೈದು ಜನ ಸೇರಿ, ನಮ್ಮ ಬಸ್ಸು ಇಷ್ಟು ಗಂಟೆಗೆ, ತರಗತಿ ಬೆಳಿಗ್ಗೆ ಇಟ್ಟರೆ ಉಪಕಾರವಾಗುತ್ತದೆ ಎಂದು ಒಂದು ಕಾಗದ ಬರೆದು ಸಂಚಾಲಕರ ಕೈಗೆ ಕೊಡಿ. ಬಾಯಲ್ಲಿ ಹೇಳಿದ್ದು ಸ್ಟಾಫ್‌ ರೂಮಿನ ಚಹಾದೊಂದಿಗೆ ಮುಗಿಯುತ್ತದೆ, ಕಾಗದ ಫೈಲಿಗೆ ಹೋಗುತ್ತದೆ. ಆ ಫೈಲಿಗೆ ಬೆಲೆ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ ತಂಡ ಬಂದಾಗ, ಓದಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ಕಾಲೇಜು ಏನು ಮಾಡಿದೆ ಎಂದು ದಾಖಲೆ ಕೇಳುತ್ತದೆ. ರಿಜಿಸ್ಟರಿನಲ್ಲಿ ನಿಮ್ಮ ಸಹಿ ನಿಮಗೆ ಎಷ್ಟು ಬೇಕೋ ಕಾಲೇಜಿಗೂ ಅಷ್ಟೇ ಬೇಕು. ಅಂಗಲಾಚುವ ಅಗತ್ಯ ಇಲ್ಲ.

ಮಲಯಾಳದ ವಿಷಯಕ್ಕೆ ಬರೋಣ. ನೀವು ಗಮನಿಸಿರಬಹುದು, ಪರೀಕ್ಷೆ ಬರೆಯುವುದು ಮಲಯಾಳದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಮಲಯಾಳ ಮಾಧ್ಯಮದಿಂದ ಬಂದ ಹುಡುಗಿಗೆ ಸರ್‌ ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಪತ್ರಿಕೆ ಮುಂದಿಟ್ಟಾಗ ಮಾತ್ರ ಅವಳ ಪೆನ್ನೂ ನಿಲ್ಲುತ್ತದೆ. ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಮೇಲೆ ಕೆಳಗೆ ಇರುವ ಹೆಸರುಗಳಲ್ಲಿ ಹಲವು ಅವರದ್ದೇ. ನೀವು ಅವರ ಮಾತಿಗೆ ಹೆದರಿ ಮೆಟ್ಟಿಲಿಗೆ ಹೋಗುತ್ತಿದ್ದೀರಿ, ಅವರು ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿಗೆ ಹೋಗುತ್ತಿದ್ದಾರೆ.

ಸ್ವಲ್ಪ ಉದ್ದವಾದರೂ ಒಂದು ವಿಷಯ ಹೇಳಲೇಬೇಕು, ಮೇಷ್ಟ್ರ ಚಾಳಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್‌ ಎಂಬ ಗಣಿತದ ಮನುಷ್ಯ, ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಅಷ್ಟೊಂದು ಸಂಖ್ಯೆಯಲ್ಲಿ ಏಕೆ ಸೋಲುತ್ತಾರೆ ಎಂದು ಹುಡುಕಲು ಹೊರಟ. ಬುದ್ಧಿ ಸಾಲದು, ಓದುವ ಹಂಬಲ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ ಎಂದು ಅಧ್ಯಾಪಕರ ಬಳಿ ಉತ್ತರ ಸಿದ್ಧವಾಗಿತ್ತು. ಅವನು ವಿದ್ಯಾರ್ಥಿಗಳ ಜೊತೆಯಲ್ಲೇ ಇದ್ದು ನೋಡಿದ. ಅವರು ಕಷ್ಟಪಟ್ಟು ಓದುತ್ತಿದ್ದರು, ಆದರೆ ಹೆಚ್ಚಿನವರು ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಸಂಜೆ ಗುಂಪಾಗಿ ಕುಳಿತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಿ, ಊಟವನ್ನೂ ಜೊತೆಗೇ ಮಾಡುತ್ತಿದ್ದರು. ಆಗ ಅವನು ಮಾಡಿದ್ದು ಹಿಂದುಳಿದವರ ತರಗತಿಯನ್ನಲ್ಲ. ಕಠಿಣ ಲೆಕ್ಕಗಳನ್ನು ಕೊಟ್ಟು ಜೊತೆಗೆ ಬಿಡಿಸುವ ಕಾರ್ಯಾಗಾರವನ್ನು, ಅದೂ ಗೌರವದ ತರಗತಿ ಎಂದು ಹೇಳಿ, ಆರಂಭಿಸಿದ. ಫಲಿತಾಂಶ ಬದಲಾಯಿತು. ಅದೇ ದಶಕದಲ್ಲಿ, 1973ರಲ್ಲಿ, ಮಿಸ್ಸೌರಿ ರಾಜ್ಯದ ಕಾನ್ಸಾಸ್‌ ಸಿಟಿಯಲ್ಲಿ ಡಿಯಾನಾ ಮಾರ್ಟಿನ್‌ ಶುರು ಮಾಡಿದ ಇನ್ನೊಂದು ಪದ್ಧತಿ ಇದೆ. ಅಲ್ಲಿ ದುರ್ಬಲ ವಿದ್ಯಾರ್ಥಿಯನ್ನು ಹುಡುಕುವುದಿಲ್ಲ, ಹೆಚ್ಚು ಜನ ಸೋಲುವ ವಿಷಯವನ್ನು ಹುಡುಕಿ, ಅದನ್ನು ಹಿಂದೆ ಚೆನ್ನಾಗಿ ಮುಗಿಸಿದ ಹಿರಿಯ ವಿದ್ಯಾರ್ಥಿಯನ್ನು ಕೂರಿಸಿ, ಬೇಕಾದವರೆಲ್ಲ ಬನ್ನಿ ಎನ್ನುತ್ತಾರೆ. 20ಕ್ಕೆ 18 ಬಂದವನೂ ಬರಬಹುದು. ಆಗ ಪಟ್ಟಿಯೇ ಬೇಡ, ಕಾಗದದ ಚೂರೂ ಬೇಡ.

ನಮ್ಮಲ್ಲಿ ಪಟ್ಟಿ ಇದೆ, ಸದ್ಯ ಇರುವುದನ್ನೇ ಬಳಸಿಕೊಳ್ಳಿ. ನಿಮ್ಮ ತರಗತಿಯ ಟ್ಯೂಟರ್‌ ಯಾರು ಎಂದು ತಿಳಿದುಕೊಂಡು ಆ ದ್ರಾವಕಂ ಕಥೆಯನ್ನು ಅವರಿಗೆ ಹೇಳಿ. ದೂರಾಗಿ ಅಲ್ಲ, ಕಥೆಯಾಗಿಯೇ. ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದವರಿಗೆ ತಾವು ಹೇಳುವ ಪದಕ್ಕೆ ಇಲ್ಲಿನ ಮಕ್ಕಳ ಪುಸ್ತಕದಲ್ಲಿ ಬೇರೆ ಅರ್ಥ ಇದೆ ಎಂಬುದು ಕನಸಿನಲ್ಲೂ ಹೊಳೆದಿರುವುದಿಲ್ಲ.

ಇನ್ನು, ವಿಷಯವೇ ಒಗ್ಗುವುದಿಲ್ಲ ಎನ್ನಿಸಿದರೆ: 2024ರಿಂದ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯಲ್ಲಿ ಎರಡನೆಯ ಸೆಮಿಸ್ಟರ್‌ ಕೊನೆಗೆ, ಸೀಟು ಇದ್ದರೆ, ಮೇಜರ್‌, ಅಂದರೆ ಮುಖ್ಯ ವಿಷಯ, ಬದಲಿಸಿಕೊಳ್ಳುವ ಅವಕಾಶ ಇದೆ. ಮೂರು ವರ್ಷಕ್ಕೆ 133 ಕ್ರೆಡಿಟ್‌ ಮುಗಿಸಿ ಹೊರಬರಬಹುದು, ನಾಲ್ಕನೆಯದಕ್ಕೂ ಹೋದರೆ 177. ಆದರೆ ಒಂದು ಇಂಟರ್ನಲ್‌ ಪರೀಕ್ಷೆಯ 5 ಅಂಕ ನೋಡಿ ಆ ನಿರ್ಧಾರ ಮಾಡಬೇಡಿ. ನಿಮಗೆ ಕೆಮಿಸ್ಟ್ರಿ ಬರುವುದಿಲ್ಲ ಎಂಬುದಕ್ಕೆ ಇನ್ನೂ ಯಾವ ಸಾಕ್ಷ್ಯವೂ ಇಲ್ಲ.

ಪೆರ್ಲದ ಅಕ್ಕ:

ನಾನು ಎಸ್‌.ಎಸ್‌.ಪಿ.ಗೆ ಹೋದವಳು, ಗಣಿತಕ್ಕೆ. ಈಗ ಕಣ್ಣೂರಿನಲ್ಲಿ ಬ್ಯಾಂಕ್‌ ಕೆಲಸ. ಎಲ್ಲ ದಿನವೂ ಚೆನ್ನಾಗಿತ್ತು ಎನ್ನಲಾರೆ. ಒಬ್ಬ ಸರ್‌ ಬಂದು ಬೆಳಗಿನ ಪಾಠವನ್ನೇ ಅದೇ ಮಾತುಗಳಲ್ಲಿ ಇನ್ನೊಮ್ಮೆ ಹೇಳಿ ಹೋಗುತ್ತಿದ್ದರು. ಮೊದಲು ಅರ್ಥವಾಗದ್ದು ಸ್ವರ ಎತ್ತರಿಸಿದರೆ ಅರ್ಥವಾಗುತ್ತದೆಯೇ? ಇನ್ನೊಬ್ಬ ಟೀಚರ್‌ ಮಾತ್ರ ಬೋರ್ಡಿನ ಹತ್ತಿರ ನಮ್ಮನ್ನೇ ನಿಲ್ಲಿಸುತ್ತಿದ್ದರು. ಮೊದಲ ದಿನ ಕೈ ನಡುಗಿ ಚಾಕ್‌ ಮುರಿಯಿತು. ಅವರು ಅರ್ಧ ತುಂಡನ್ನು ನನ್ನ ಕೈಗೇ ಇಟ್ಟು, ಇನ್ನರ್ಧವನ್ನು ಹಿಂದಿದ್ದವಳ ಕೈಗೆ ಕೊಟ್ಟು, “ಈಗ ಇಬ್ಬರೂ ಬಿಡಿಸಿ” ಎಂದರು. ಆ ಹಿಂದಿದ್ದವಳು ಈಗಲೂ ವಾರಕ್ಕೊಮ್ಮೆ ಫೋನ್‌ ಮಾಡುತ್ತಾಳೆ.

ಊಟದ ವಿಷಯ. ನಾನು ಗುಂಪಿನೊಳಗೆ ಸೇರಿದ್ದು ಎನ್‌.ಎಸ್‌.ಎಸ್‌.ನ ಏಳು ದಿನದ ಶಿಬಿರದಲ್ಲಿ. ಏಳು ದಿನ ಒಂದೇ ಹಾಲಿನಲ್ಲಿ ಚಾಪೆ ಹಾಸಿ ಮಲಗಿ, ಐವತ್ತು ಜನರಿಗೆ ತೆಂಗಿನಕಾಯಿ ತುರಿದ ಮೇಲೆ ಭಾಷೆಯ ಸಂಕೋಚ ಎಲ್ಲಿ ಉಳಿಯುತ್ತದೆ! ತಮಾಷೆ ಅರ್ಥವಾಗದಿದ್ದರೆ “ಏನಂದೆ?” ಎಂದು ಕೇಳುವುದನ್ನು ಅಲ್ಲಿ ಕಲಿತೆ. ಅವರು ಎರಡನೆಯ ಸಲ ಹೇಳುವಾಗ ಆ ತಮಾಷೆ ಅವರಿಗೇ ಸಪ್ಪೆಯೆನಿಸಿ, ಅದಕ್ಕೇ ಎಲ್ಲರೂ ನಗುತ್ತಿದ್ದರು.

ಮನಸ್ಸು ತೀರಾ ಭಾರವಾದರೆ ಸರಕಾರಿ ಕಾಲೇಜುಗಳಲ್ಲಿ ‘ಜೀವನಿ’ ಎಂಬ ಆಪ್ತಸಲಹೆಯ ಯೋಜನೆ ಇದೆ, ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ. ಅಲ್ಲಿ ಮಲಯಾಳದಲ್ಲಿ ಹೇಳಿಕೊಳ್ಳಲು ಕಷ್ಟವಾದರೆ ಟೆಲಿ ಮಾನಸ್‌ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡಬಹುದು, ಹಗಲು ರಾತ್ರಿ ಇರುತ್ತದೆ, ಉಚಿತ. ಅಳು ಬರುವುದು ಅವರವರ ಭಾಷೆಯಲ್ಲೇ ಅಲ್ಲವೇ.

ಅಪ್ಪನಿಗೆ 180 ರೂಪಾಯಿಯ ವಿಷಯ ಹೇಳು. ಇದು ಅಕ್ಕನಾಗಿ ಹೇಳುತ್ತಿರುವುದು. ಮಗಳು ಏಕೆ ಮಾತು ಬಿಟ್ಟಿದ್ದಾಳೆ ಎಂದು ಯೋಚಿಸುವುದು ಅವರಿಗೆ ಅದಕ್ಕಿಂತ ದುಬಾರಿ.

ಮುಳ್ಳೇರಿಯದವಳು, ಮೂರು ವಾರದ ನಂತರ:

ಎಲ್ಲರಿಗೂ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ.

ಕಾಗದ ಬರೆದೆವು. ಐದು ಸಹಿ ಬೇಕೆಂದು ಹೊರಟರೆ ಎಂಟು ಸಿಕ್ಕಿತು. ಅದರಲ್ಲಿ ಇಬ್ಬರು ಪಟ್ಟಿಯಲ್ಲೇ ಇಲ್ಲದವರು, “ನಮಗೂ ಬರಬಹುದಾ?” ಎಂದು ಕೇಳಿದರು. ಸಂಚಾಲಕರು ಕಾಗದವನ್ನು ಎರಡು ಸಲ ಓದಿ, ಬೆಳಿಗ್ಗೆ 8.45 ಆಗಬಹುದೇ ಎಂದರು. ಅದಕ್ಕಾಗಿ ಮನೆಯಿಂದ 6.50ಕ್ಕೆ ಹೊರಡುತ್ತೇನೆ, ಅಮ್ಮನ ಬೈಗುಳ ಬೇರೆ. ಮೊದಲ ದಿನ ಏಳು ಜನ ಇದ್ದೆವು, ಕಳೆದ ವಾರ ನಾಲ್ಕು. ಹಾಗಾಗಿ ಬಹಳ ದೊಡ್ಡ ಬದಲಾವಣೆ ಎಂದೇನೂ ಹೇಳುವುದಿಲ್ಲ. ಎರಡನೆಯ ಇಂಟರ್ನಲ್‌ನಲ್ಲಿ 20ಕ್ಕೆ 11.

ದ್ರಾವಕಂ ಕಥೆಯನ್ನು ಸರ್‌ಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ನನ್ನ ಒಂಬತ್ತನೆಯ ತರಗತಿಯ ವಿಜ್ಞಾನದ ಕನ್ನಡ ಪುಸ್ತಕ ತಂದು ತೋರಿಸಿದೆ. ಪುಸ್ತಕವನ್ನು ಹಿಡಿದು ಬಹಳ ಹೊತ್ತು ಅಕ್ಷರಗಳನ್ನು ನೋಡಿದರು, ಓದಲು ಬರುವುದಿಲ್ಲವಲ್ಲ. ಈಗ ತರಗತಿಯಲ್ಲಿ ಆ ಪದ ಬಂದಾಗಲೆಲ್ಲ ನನ್ನ ಕಡೆ ನೋಡಿ “ಲಿಕ್ವಿಡ್‌” ಎಂದು ಸೇರಿಸುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ಸಮಯಕ್ಕೆ ಸರಿಯಾಗಿ ನಗುತ್ತೇನೆ.

ಪಟ್ಟಿಯಲ್ಲಿ ನನ್ನ ಕೆಳಗೆ ಐದನೆಯ ಹೆಸರಿನವಳು ಚೆರ್ಕಳದವಳು, ಮಲಯಾಳ ಮಾಧ್ಯಮ. ನಾವಿಬ್ಬರೂ ಒಂದು ನೋಟ್‌ಬುಕ್‌ ಮಾಡಿದ್ದೇವೆ, ಪುಟಕ್ಕೆ ಮೂರು ಗೆರೆ ಎಳೆದು: ಅವಳ ಪದ, ನನ್ನ ಪದ, ನಡುವೆ ಇಂಗ್ಲಿಷ್‌. ದ್ರಾವಕಂ, ಲಿಕ್ವಿಡ್‌, ದ್ರವ. ಲಾಯಕಂ, ಸಾಲ್ವೆಂಟ್‌, ದ್ರಾವಕ. ಸಾಲ್ಯೂಟಿಗೆ ಅವಳದು ‘ಲೀನಂ’, ನಮ್ಮದು ದ್ರಾವ್ಯ. ಕರಗಿ ಲೀನವಾಗುವುದೇ ಲೀನಂ, ಇದೊಂದು ಪದ ಮಾತ್ರ ನಮ್ಮದಕ್ಕಿಂತ ಚಂದ ಎಂದು ಒಪ್ಪಿಕೊಂಡಿದ್ದೇನೆ. ಈಗ ಅರವತ್ತು ಪದ ದಾಟಿದೆ. ಬರೆಯುವುದು ಹೆಚ್ಚಾಗಿ ಮಧ್ಯಾಹ್ನ, ಅದೇ ಲ್ಯಾಬಿನ ಹಿಂದಿನ ಮೆಟ್ಟಿಲಲ್ಲಿ. ಅವಳಿಗೂ ಆ ಜಾಗ ಇಷ್ಟವಾಗಿದೆ, ಗಾಳಿ ಬರುತ್ತದೆ. ನನ್ನ ಬುತ್ತಿಯ ಉಪ್ಪಿನಕಾಯಿ ಈಗ ಮನೆಯಿಂದಲೇ ಇಬ್ಬರ ಲೆಕ್ಕದಲ್ಲಿ ಬರುತ್ತದೆ.

ಅಪ್ಪನಿಗೂ ಹೇಳಿದೆ ಅಕ್ಕಾ. “ಇಷ್ಟೇನಾ?” ಎಂದರು. ಎದ್ದು ಹೋಗಿ ಹಟ್ಟಿಯಲ್ಲಿ ಸುಮಾರು ಹೊತ್ತು ಇದ್ದು ಬಂದರು.

ಝೆರಾಕ್ಸ್‌ ಅಂಗಡಿ:

ತಂಗಿ, ಆ ಮೂರು ಗೆರೆಯ ಪುಟಗಳ ಫೋಟೋ ತೆಗೆದು ಇಲ್ಲಿ ಹಾಕಲು ಸಾಧ್ಯವೇ? ನಮ್ಮ ಗೇಟಿನ ಒಳಗೂ ಕನ್ನಡ ಮಾಧ್ಯಮದಿಂದ ಬಂದವರು ಇಬ್ಬರಿದ್ದಾರೆ, ಒಬ್ಬ ನಿನ್ನೆ ತೊಂಬತ್ತು ಪುಟದ ಪ್ರತಿ ಕೇಳಿ ಬಂದಿದ್ದ. ಮೆಷಿನ್‌ ಬಿಸಿಯಾಗಿದೆ, ನಾಳೆ ಬಾ ಎಂದು ಕಳುಹಿಸಿದ್ದೇನೆ.